ಧಾಟಿ ಎರವಲು, ಅಣಕ ಸ್ವಂತದ್ದು

ಕೊಟ್ಟೂರು, ಮೈಲಾರ, ಉಜ್ಜಿನಿಯ ಜಾತ್ರೆಗಳಲ್ಲಿ ನಾಟಕ ನೋಡಿ ಬೆಳೆದವರಿಗೆ ಅಣಕು ಹಾಡು ಹೊಸತಲ್ಲ. ಹಾಸ್ಯಪಾತ್ರ ರಂಗಕ್ಕೆ ಬಂತೆಂದರೆ ಹಾರ್ಮೋನಿಯಂ ಮಾಸ್ತರರು ಸಿನಿಮಾ ಹಾಡಿನ ಧಾಟಿ ಎತ್ತುತ್ತಾರೆ; ಮಾತುಗಳು ಮಾತ್ರ ನಮ್ಮೂರಿನವು. ಕೂಡ್ಲಿಗಿಯಲ್ಲೋ ಹಡಗಲಿಯಲ್ಲೋ ಹೊಸದಾಗಿ ಇಂಥ ಹಾಡು ಕಟ್ಟಲು ಕೂತವರು ಮೊದಲು ಕೇಳುವುದು, 'ಇದಕ್ಕೆ ಕೇಸು ಬೀಳುತ್ತದೆಯೇ ಸರ್?' ಎಂದು. ನಿಧಾನವಾಗಿ ನೋಡೋಣ.

ಒಂದು ಸಿನಿಮಾ ಹಾಡಿನಲ್ಲಿ ಮೂರು ಆಸ್ತಿಗಳಿವೆ: ಸಾಹಿತ್ಯ, ರಾಗ ಸಂಯೋಜನೆ, ಧ್ವನಿಮುದ್ರಣ. ಹಾರ್ಮೋನಿಯಂನಲ್ಲಿ ನುಡಿಸಿದರೆ ಸಂಯೋಜನೆಯನ್ನು ಮಾತ್ರ ಮುಟ್ಟಿದಿರಿ. ಮೊಬೈಲಿನಿಂದ ಮೂಲ ಟ್ರ್ಯಾಕನ್ನೇ ಹಾಕಿದರೆ ಧ್ವನಿಮುದ್ರಣವನ್ನೂ ಮುಟ್ಟಿದಿರಿ. 2022ರ ಅಕ್ಟೋಬರಿನಲ್ಲಿ ಬಳ್ಳಾರಿಗೂ ಬಂದಿದ್ದ ಭಾರತ್ ಜೋಡೋ ಯಾತ್ರೆಯ ವಿಡಿಯೊಗಳಲ್ಲಿ ಕೆಜಿಎಫ್-2 ಚಿತ್ರದ ಸಂಗೀತ ಬಳಸಿದ್ದಕ್ಕೆ, ಆ ಸಂಗೀತದ ಹಕ್ಕು ತನ್ನದೆಂದ ಎಂಆರ್‌ಟಿ ಮ್ಯೂಸಿಕ್ ಸಂಸ್ಥೆ ಕೋರ್ಟಿಗೆ ಹೋಯಿತು. ನವೆಂಬರ್ 7ರಂದು ಬೆಂಗಳೂರಿನ ಕೋರ್ಟು ಕಾಂಗ್ರೆಸ್ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಹೇಳಿತು. ಮರುದಿನ ಹೈಕೋರ್ಟು, ಆ ತುಣುಕುಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ, ಆ ಆದೇಶವನ್ನು ರದ್ದು ಮಾಡಿತು. ಅಲ್ಲಿ ಅಣಕವೇ ಇರಲಿಲ್ಲ ಎಂಬುದನ್ನು ಗಮನಿಸಿ.

ಅಣಕದ ಲೆಕ್ಕ ಬೇರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅದರ ಹೆಸರೇ ಇಲ್ಲ. ಆದರೆ 52ನೇ ಕಲಮು ವಿಮರ್ಶೆಗಾಗಿ ನ್ಯಾಯಯುತವಾಗಿ ಬಳಸಲು ಬಿಡುತ್ತದೆ. ತೋಪ್ಪಿಲ್ ಭಾಸಿಯವರ ಪ್ರಸಿದ್ಧ ಮಲಯಾಳಂ ನಾಟಕಕ್ಕೆ ಸಿವಿಕ್ ಚಂದ್ರನ್ ಪ್ರತಿನಾಟಕ ಬರೆದಾಗ ಕೇರಳ ಹೈಕೋರ್ಟು 1996ರಲ್ಲಿ ಮೂರು ಮಾತು ಕೇಳಿತು: ಎಷ್ಟು ತೆಗೆದುಕೊಂಡಿರಿ, ಯಾತಕ್ಕೆ ತೆಗೆದುಕೊಂಡಿರಿ, ಮೂಲಕ್ಕೆ ಪೈಪೋಟಿ ಆಗುತ್ತದೆಯೇ? ಪ್ರತಿನಾಟಕ ಗೆದ್ದಿತು. ಹೊಸಬರು ಕಲಿಯಬೇಕಾದ್ದು ಇಲ್ಲಿದೆ. ನಾಯಕಿಯ ನಡುವನ್ನು ಹೊಗಳುವ ಹಾಡಿನ ಧಾಟಿಯಲ್ಲೇ ಆ ಹೊಗಳಿಕೆಯ ಅತಿರೇಕವನ್ನು ಕೆಣಕಿದರೆ ಅದು ವಿಮರ್ಶೆ. ಅದೇ ಧಾಟಿಯಲ್ಲಿ ಹಗರಿಬೊಮ್ಮನಹಳ್ಳಿಯ ಬಟ್ಟೆ ಅಂಗಡಿಯ ಜಾಹೀರಾತನ್ನೋ ಚುನಾವಣೆಯ ಆಟೊ ಪ್ರಚಾರವನ್ನೋ ಮಾಡಿದರೆ ಅದು ಬರೀ ಎರವಲು, ಅನುಮತಿ ಪಡೆಯಲೇಬೇಕು. ನಾವು ಅಣಕ ಎನ್ನುವುದರಲ್ಲಿ ಬಹುಪಾಲು ಎರವಲೇ ಎಂಬುದು ನನಗೆ ಬೇಸರದ ಸಂಗತಿ, ಏಕೆಂದರೆ ನಿಜವಾದ ಅಣಕಕ್ಕೆ ಮೂಲ ಹಾಡನ್ನು ಚೆನ್ನಾಗಿ ಬಲ್ಲ ಕಿವಿ ಬೇಕು.

ರಸಮಂಜರಿಗಳ ಜೂನಿಯರ್ ರಾಜಕುಮಾರ್, ಜೂನಿಯರ್ ವಿಷ್ಣುವರ್ಧನ್‌ಗಳ ಪ್ರಶ್ನೆ ಇನ್ನೊಂದು: ಖ್ಯಾತರಿಗೆ ತಮ್ಮ ರೂಪ, ದನಿಗಳ ಮೇಲಿರುವ ಹಕ್ಕಿನದು. 'ಲಕ್ಕಿ ಮ್ಯಾನ್' (2022) ಚಿತ್ರದ ಅತಿಥಿ ಪಾತ್ರದಲ್ಲಿ ಪುನೀತ್ ರಾಜಕುಮಾರ್ ತಾವೇ ಒಪ್ಪಿ ನಟಿಸಿದ್ದರು. ಅನುಕರಿಸುವವರಿಗೆ ಅಂಥ ಒಪ್ಪಿಗೆ ಇರುವುದಿಲ್ಲ. ಗಾಯಕ ದಲೇರ್ ಮೆಹಂದಿಯವರ ಪ್ರಕರಣದಲ್ಲಿ ದೆಹಲಿ ಹೈಕೋರ್ಟು 2010ರಲ್ಲಿ, ಅವರನ್ನು ಹೋಲುವ, ಹಾಡುವ ಬೊಂಬೆಗಳ ಮಾರಾಟ ತಪ್ಪೆಂದಿತು. ಆದರೆ ವ್ಯಂಗ್ಯ, ಅಣಕಗಳನ್ನು ಈ ಹಕ್ಕಿನ ಹೆಸರಿನಲ್ಲಿ ಹತ್ತಿಕ್ಕಬಾರದೆಂದೂ ಎಚ್ಚರಿಸಿತು.

ಹರಪನಹಳ್ಳಿಯ ಹವ್ಯಾಸಿ ತಂಡಗಳಿಗೆ ಇನ್ನೊಂದು ಆಸರೆಯಿದೆ. ಟಿಕೆಟ್ ಇಲ್ಲದ ಪ್ರೇಕ್ಷಕರ ಮುಂದೆ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಾಗಿ ಹವ್ಯಾಸಿ ಸಂಘ ಪ್ರದರ್ಶನ ಕೊಟ್ಟರೆ ಅದೇ 52ನೇ ಕಲಮು ರಕ್ಷಿಸುತ್ತದೆ. ಅದನ್ನೇ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕಿದರೆ ಆ ರಕ್ಷಣೆಯನ್ನು ನೆಚ್ಚಿಕೊಳ್ಳಬೇಡಿ.