ಮಳೆಗಾಲ ಮತ್ತು ಗೀಳು ಮನೋರೋಗ

ತೊಳೆದ ಕೈಯನ್ನೇ ತೊಳೆಯುವುದು, ಲಿಂಗಪೂಜೆಯಲ್ಲಿ ಲೋಪವಾಯಿತೆಂದು ಪುನಃ ಪುನಃ ಮೊದಲಿನಿಂದ ಆರಂಭಿಸುವುದು—ಇಂಥವು ದಿನಕ್ಕೆ 1 ಗಂಟೆಗೂ ಮಿಕ್ಕಿ ಮನಸ್ಸನ್ನು ಪೀಡಿಸಿದರೆ ಅದು ಭಕ್ತಿಯೂ ಅಲ್ಲ, ಹಟವೂ ಅಲ್ಲ, ಗೀಳು ಮನೋರೋಗವಿರಬಹುದು.

ವರ್ಷಋತುವಿನಲ್ಲಿ ವಾತವು ಪ್ರಕೋಪಗೊಳ್ಳುವುದೆಂದು ಆಯುರ್ವೇದ ಹೇಳುತ್ತದೆ. ಬಿಸಿಲು ಕಡಿಮೆಯಾಗಿ ಮನೆಯೊಳಗಿನ ವಾಸ ಹೆಚ್ಚಿದಾಗ ಕೆಲವು ರೋಗಿಗಳಲ್ಲಿ ಖಿನ್ನತೆಯೊಡನೆ ಗೀಳೂ ಉಲ್ಬಣಿಸುತ್ತದೆ. ಯಾವ ಮಾಸದಲ್ಲಿ ಬಾಧೆ ಹೆಚ್ಚೆಂಬುದನ್ನು ಬರೆದಿಟ್ಟು ವೈದ್ಯರಿಗೆ ತಿಳಿಸಬೇಕು.

ಬೆಳಗಿನ ಬೆಳಕಿನಲ್ಲಿ ನಡಿಗೆ, ನಿಯತ ನಿದ್ರೆ, ಬಿಸಿಯಾದ ಲಘು ಆಹಾರ, ಎಳ್ಳೆಣ್ಣೆಯ ಅಭ್ಯಂಗ ಹಿತಕರ. ಆದರೆ ಇವು ಮನೋವೈದ್ಯರ ಚಿಕಿತ್ಸೆಗೆ ಬದಲಿಯಲ್ಲ. ಬಿಸಿಲು ಮರಳಿ ಮನಸ್ಸು ಹಗುರಾಯಿತೆಂದು ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು.

“ಕೈ ಶುದ್ಧವಾಗಿದೆ” ಎಂದು ಮನೆಯವರು ಪದೇ ಪದೇ ಭರವಸೆ ಕೊಡುತ್ತಿದ್ದರೆ ಗೀಳು ಬಲಿಯುತ್ತದೆ; ಗದರಿದರೆ ರೋಗಿ ಕುಗ್ಗುತ್ತಾನೆ. ತಾಳ್ಮೆಯಿಂದ ಮನೋವೈದ್ಯರ ಬಳಿಗೆ ಕರೆದೊಯ್ಯುವುದೇ ನಿಜವಾದ ದಯೆ. ಸರ್ಕಾರದ ಉಚಿತ ಸಹಾಯವಾಣಿ: 14416.