ದೋಣಿಯ ಬ್ಯಾಟರಿಗೆ ಹೊಸ ಚಾರ್ಜರು

ದಡದಲ್ಲಿ ಕಟ್ಟಿರುವ ದೋಣಿಯೊಂದರ ಚಾರ್ಜರು ಕೆಟ್ಟಿದೆಯೆಂದು ಭಾವಿಸೋಣ. ಬದಲಿಯನ್ನು ಆರಿಸುವಾಗ '12 ವೋಲ್ಟು' ಎಂಬ ಬರಹವನ್ನಷ್ಟೆ ನೋಡಿದರೆ ಸಾಲದು.

1859ರಲ್ಲಿ ಫ್ರಾನ್ಸಿನ ಪ್ಲಾಂಟೆ ನಿರ್ಮಿಸಿದ ಸೀಸ-ಆಮ್ಲ ಕೋಶದ ವಿಭವ ಸುಮಾರು 2 ವೋಲ್ಟು. ಇಂಥ ಆರು ಕೋಶಗಳ ಬ್ಯಾಟರಿಯು ಪೂರ್ಣವಾಗಿ ತುಂಬಿ ವಿಶ್ರಮಿಸುತ್ತಿರುವಾಗ ಸುಮಾರು 12.7 ವೋಲ್ಟನ್ನು ತೋರುತ್ತದೆ. ಅದನ್ನು ತುಂಬಲು ಇನ್ನೂ ಹೆಚ್ಚಿನ ಒತ್ತಡ, ಎಂದರೆ 14.4 ವೋಲ್ಟಿನ ಆಸುಪಾಸು, ಬೇಕು. ಆದರೆ ತುಂಬಿದ ಮೇಲೂ ಅದೇ ಒತ್ತಡ ಮುಂದುವರಿದರೆ ಆಮ್ಲದಲ್ಲಿನ ನೀರು ವಿಭಜನೆಗೊಂಡು ಜಲಜನಕವೂ ಆಮ್ಲಜನಕವೂ ಹೊರಬೀಳುತ್ತವೆ. ಗಾಳಿಯಲ್ಲಿ ಜಲಜನಕವು ನೂರಕ್ಕೆ ನಾಲ್ಕು ಪಾಲಾದರೆ ಒಂದು ಕಿಡಿಗೇ ಹೊತ್ತಿಕೊಳ್ಳಬಲ್ಲುದು. ದೋಣಿಯ ಒಡಲೋ ಮುಚ್ಚಿದ ಪೆಟ್ಟಿಗೆಯಂತಹುದು! ಆದುದರಿಂದ ಬ್ಯಾಟರಿ ತುಂಬಿದೊಡನೆ ತಾನಾಗಿಯೇ 13.5 ವೋಲ್ಟಿನ ಸಮೀಪಕ್ಕೆ ಇಳಿಯುವ ಚಾರ್ಜರನ್ನೇ ಕೊಳ್ಳತಕ್ಕದ್ದು. ಜೆಲ್ ಮತ್ತು ಲಿಥಿಯಂ ಬ್ಯಾಟರಿಗಳಿಗೆ ಈ ಅಂಕಿಗಳು ಬೇರೆ; ತಯಾರಕರ ಸೂಚನೆಯೇ ಪ್ರಮಾಣ. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಗೆ 10ರಿಂದ 20 ಆಂಪಿಯರ್ ಪ್ರವಾಹ ಧಾರಾಳವಾಯಿತು.

ಅಗ್ಗವೆಂದು ಮೋಟಾರು ಗ್ಯಾರೇಜಿನ ಹಳೆಯ ಚಾರ್ಜರನ್ನು ದೋಣಿಗೆ ತಂದಿಡುವವರ ಧೈರ್ಯವನ್ನು ನಾವು ಮೆಚ್ಚಲಾರೆವು. ದಡದ ವಿದ್ಯುತ್ತನ್ನೂ ಬ್ಯಾಟರಿಯನ್ನೂ ಪ್ರತ್ಯೇಕಿಸುವ ಬೇರೆಬೇರೆ ಸುರುಳಿಗಳ ಟ್ರಾನ್ಸ್‌ಫಾರ್ಮರು ಅದರಲ್ಲಿಲ್ಲದಿದ್ದರೆ, 230 ವೋಲ್ಟಿನ ವಿದ್ಯುತ್ತು ದೋಣಿಯ ಲೋಹಭಾಗಗಳಿಗೂ ಅಲ್ಲಿಂದ ಸುತ್ತಲಿನ ನೀರಿಗೂ ಹರಿದೀತು. ಆಗ ಪಕ್ಕದಲ್ಲಿ ಈಜುತ್ತಿರುವವನ ಪ್ರಾಣಕ್ಕೇ ಸಂಚಕಾರ.