ಒತ್ತಿದರೂ ಮಾಸದ ಕೆಂಪು

ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದವರ ಟೊಂಕದ ಕೆಳಗೆ ಕಾಣುವ, ಬೆರಳಿನಿಂದ ಒತ್ತಿದರೂ ಬಿಳುಪಾಗದ ಕೆಂಪು ಕಲೆಯು ಹಾಸಿಗೆ ಹುಣ್ಣಿನ, ಅಂದರೆ ಮೂಳೆ ಮತ್ತು ಹಾಸಿಗೆಯ ನಡುವೆ ಚರ್ಮ ಸಿಲುಕಿ ರಕ್ತಸಂಚಾರ ಕುಂದಿದಾಗ ಆಗುವ ಗಾಯದ, ಮೊದಲ ಹಂತವೆಂದು ಭಾವಿಸಬೇಕು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣದಿರುವುದರಿಂದ, ಆ ಜಾಗ ಸುತ್ತಲಿಗಿಂತ ಬಿಸಿಯೋ ಗಟ್ಟಿಯೋ ಆಗಿದೆಯೇ ಎಂದು ಮುಟ್ಟಿ ನೋಡುವುದು ಹೆಚ್ಚು ನಂಬಲರ್ಹ.

ಔಷಧಕ್ಕಿಂತ ಮೊದಲು ಒತ್ತಡವನ್ನು ನಿವಾರಿಸಬೇಕು. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿ ಮಲಗಿಸಿ, ಹಿಮ್ಮಡಿಗಳು ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಇನ್ನೊಂದು ದಿಂಬಿಡಬೇಕು. ಮೇಲಕ್ಕೆ ಸರಿಸುವಾಗ ಎಳೆದರೆ ಚರ್ಮದ ಒಳಪದರಗಳು ಜಗ್ಗಿ ಸೂಕ್ಷ್ಮ ರಕ್ತನಾಳಗಳಿಗೆ ಪೆಟ್ಟಾಗುವುದರಿಂದ, ಇಬ್ಬರು ಸೇರಿ ಹಾಸುಬಟ್ಟೆ ಹಿಡಿದು ಎತ್ತುವುದೇ ಲೇಸು. ಗಾಳಿಹಾಸಿಗೆ ನೆರವಾಗುತ್ತದೆಯಾದರೂ ಮಗ್ಗುಲು ಬದಲಿಸುವ ಕೆಲಸವನ್ನು ತಪ್ಪಿಸದು.

ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವುದೂ ಉಂಗುರದಾಕಾರದ ದಿಂಬಿಡುವುದೂ ಹಾನಿಕರ. ಮಲಮೂತ್ರದ ತೇವ ನಿಲ್ಲಬಾರದು. ಊಟದಲ್ಲಿ ಬೇಳೆ, ಮೊಸರು, ಮೊಟ್ಟೆಯಂತಹ ಪ್ರೋಟೀನ್ ಸಾಕಷ್ಟಿರಬೇಕು. ಚರ್ಮ ಬಿರಿದರೆ ಸ್ಪಿರಿಟ್ ಅಥವಾ ಹೈಡ್ರೋಜನ್ ಪೆರಾಕ್ಸೈಡ್ ಬಳಸದೆ, ಸಲೈನ್‌ನಿಂದ ತೊಳೆದು, ದಾದಿಯ ನೆರವಿನಿಂದ ತಕ್ಕ ಡ್ರೆಸಿಂಗ್ ಹಾಕಿಸಬೇಕು. ದುರ್ವಾಸನೆ, ಜ್ವರ ಅಥವಾ ಕಪ್ಪಾದ ಸತ್ತ ಅಂಗಾಂಶ ಕಂಡಲ್ಲಿ, ಅಗತ್ಯವಿದ್ದರೆ ಅದನ್ನು ಕತ್ತರಿಸಿ ತೆಗೆಯಬಲ್ಲ ಶಸ್ತ್ರವೈದ್ಯರನ್ನು ಅಂದೇ ಕಾಣತಕ್ಕದ್ದು.